ಕಬ್ಬಿಣಕ್ಕೂ ಒಂದು ಮಿಲ್ ಉಂಟು

ನಮ್ಮ ಬನ್ನೂರಿನ ಕಡೆ ಮಿಲ್ ಎಂದರೆ ಭತ್ತದ ಮಿಲ್. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗ ‘ಐ.ಟಿ.ಐ.ಯಲ್ಲಿ ಮೆಷಿನಿಸ್ಟ್ ಸೇರಿ ಮಿಲ್ಲಿಂಗ್ ಕಲಿಯುತ್ತೇನೆ’ ಎಂದರೆ, ‘ಅಕ್ಕಿ ಮಾಡೋದಕ್ಕೂ ಎರಡು ವರ್ಷ ಓದಬೇಕೇನಪ್ಪ?’ ಎಂದು ತಂದೆ ಕೇಳುವುದು ಸಹಜವೇ.

ಉತ್ತರ ಆ ಭತ್ತದ ಮಿಲ್ಲಿನೊಳಗೇ ಇದೆ. ಯಂತ್ರ ನಿಂತಿರುವಾಗ, ಮೋಟಾರಿನ ಶಾಫ್ಟಿಗೆ ಪುಲ್ಲಿ ಕೂರಿಸಿರುವ ಜಾಗವನ್ನು ಗಮನಿಸಿ. ಎರಡರ ನಡುವೆ ಉಕ್ಕಿನ ಪುಟ್ಟ ತುಂಡೊಂದು ಬಿಗಿಯಾಗಿ ಕೂತಿರುತ್ತದೆ. ಅದೇ ‘ಕೀ’. ಶಾಫ್ಟಿನೊಂದಿಗೆ ಪುಲ್ಲಿಯೂ ಜಾರದೆ ತಿರುಗುವುದು ಅದರ ದೆಸೆಯಿಂದ. ಆ ಕೀ ಕೂರಲು ಶಾಫ್ಟಿನ ಮೈಯಲ್ಲಿ ತೋಡಿದ ಕಾಲುವೆಗೆ ‘ಕೀ ವೇ’ ಎನ್ನುತ್ತಾರೆ. ಅದನ್ನು ತೋಡುವುದು ಮಿಲ್ಲಿಂಗ್ ಯಂತ್ರದ ಕೆಲಸ.

ಲೇತಿನಲ್ಲಿ ಕುಂಬಾರನ ತಿಗರಿಯಂತೆ ಕೆಲಸದ ತುಂಡೇ ತಿರುಗುತ್ತದೆ. ಮಿಲ್ಲಿಂಗಿನಲ್ಲಿ ಹಲವು ಹಲ್ಲುಗಳ ಕಟರ್ ತಿರುಗುತ್ತದೆ, ಟೇಬಲ್ಲಿಗೆ ಬಿಗಿದ ತುಂಡು ಅದರತ್ತ ಸರಿಯುತ್ತದೆ. ಮದುವೆ ಮನೆಯ ಅಡುಗೆಯವರು ಮೋಟಾರಿನ ತುರಿಯುವ ಯಂತ್ರಕ್ಕೆ ತೆಂಗಿನ ಹೋಳು ಒತ್ತುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು.

ಈ ಯಂತ್ರದಲ್ಲಿ ಮುಖ್ಯವಾಗಿ ಎರಡು ಬಗೆ. ಅಡ್ಡ ಯಂತ್ರದಲ್ಲಿ ಸ್ಪಿಂಡಲ್ ನೆಲಕ್ಕೆ ಸಮಾಂತರ. ಆರ್ಬರ್ ಎಂಬ ದಂಡಕ್ಕೆ ಗರಗಸದ ಚಕ್ರದಂಥ ಕಟರ್ ಪೋಣಿಸಿ, ದಂಡದ ಎರಡೂ ಕಡೆ ಆಸರೆ ಕೊಡುತ್ತಾರೆ. ಹಾಗಾಗಿ ಅದು ಒಂದೇ ಸಲಕ್ಕೆ ಹೆಚ್ಚು ಲೋಹ ಕತ್ತರಿಸಬಲ್ಲದು. ಲಂಬ ಯಂತ್ರದಲ್ಲಿ ಬೈರಿಗೆಯಂತೆ ಕಟರ್ ಮೇಲಿನಿಂದ ಇಳಿಯುತ್ತದೆ. ಶಾಫ್ಟಿನ ತುದಿಯವರೆಗೂ ಹರಿಯುವ ಕೀ ವೇಗೆ ಅಡ್ಡ ಯಂತ್ರ ಸಾಕು. ನಡುವೆ ಆರಂಭವಾಗಿ ನಡುವೆಯೇ ನಿಲ್ಲಬೇಕಾದರೆ ಲಂಬವೇ ಬೇಕು. ಚಕ್ರದಂಥ ಕಟರ್ ಕಾಲುವೆಯ ಕೊನೆಯಲ್ಲಿ ಬಾಗಿದ ಇಳಿಜಾರು ಬಿಟ್ಟುಬಿಡುತ್ತದೆ.

ಇನ್ನು ಗಣಿತದ ವಿಷಯ. ಅಮೆರಿಕದ ಜೋಸೆಫ್ ಬ್ರೌನ್ 1862ರಲ್ಲಿ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರ ರೂಪಿಸಿದ್ದು ಡ್ರಿಲ್ ಬಿಟ್ಟುಗಳ ಸುರುಳಿ ಕಾಲುವೆಗಾಗಿ. ಅದೇ ಬಗೆಯ ಯಂತ್ರಗಳ ಮೇಲೆ ಹಲ್ಲಿನ ಚಕ್ರವನ್ನೂ ಕತ್ತರಿಸಬಹುದು. ಡಿವೈಡಿಂಗ್ ಹೆಡ್ ಎಂಬ ಉಪಕರಣದ ಹಿಡಿಯನ್ನು ಸಾಮಾನ್ಯವಾಗಿ 40 ಸುತ್ತು ತಿರುಗಿಸಿದರೆ ತುಂಡು ಒಂದು ಸುತ್ತು ಬರುತ್ತದೆ. 20 ಹಲ್ಲು ಬೇಕೆ? ಪ್ರತಿ ಹಲ್ಲಿಗೆ 2 ಸುತ್ತು. 30 ಹಲ್ಲಾದರೆ 40ನ್ನು 30ರಿಂದ ಭಾಗಿಸಿ: ಒಂದು ಪೂರ್ತಿ ಸುತ್ತು, ಮೇಲೆ ಮೂರನೇ ಒಂದು ಭಾಗ. ಆ ಮೂರನೇ ಒಂದು ಭಾಗಕ್ಕೆ 18 ರಂಧ್ರಗಳ ವೃತ್ತದಲ್ಲಿ 6 ರಂಧ್ರ ಮುಂದೆ ಸಾಗಬೇಕು. ‘ಭಿನ್ನರಾಶಿ ಯಾವುದಕ್ಕೆ ಬರುತ್ತೆ ಸಾರ್?’ ಎನ್ನುವ ಮಕ್ಕಳಿಗೆ ನಾನು ಇದನ್ನೇ ತೋರಿಸುವುದು. ಲೆಕ್ಕ ತಪ್ಪಿದರೆ ಕೊನೆಯ ಹಲ್ಲು ಅರ್ಧಂಬರ್ಧವಾಗಿ, ಉಕ್ಕು ಗುಜರಿಗೆ ಹೋಗುತ್ತದೆ.

ಈ ವಿದ್ಯೆಗೆ ಕರ್ನಾಟಕದಲ್ಲಿ ಒಳ್ಳೆಯ ತಳಹದಿಯಿದೆ. ಕೈಗಡಿಯಾರದಿಂದ ಮನೆಮಾತಾದ ಎಚ್.ಎಂ.ಟಿ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಯಂತ್ರೋಪಕರಣ ತಯಾರಿಸಲೆಂದೇ. ಜರ್ಮನಿಯ ಫ್ರಿಟ್ಜ್ ವರ್ನರ್ ಸಹಯೋಗದ ಭಾರತ್ ಫ್ರಿಟ್ಜ್ ವರ್ನರ್ 1961ರಲ್ಲಿ ಬಂದಿತು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರಕ್ಕೆ ಮೈಸೂರಿನಲ್ಲೂ ಶಾಖೆಯಿದೆ.

ಈಗ ಹಿಡಿ ತಿರುಗಿಸುವ ಕೆಲಸವನ್ನು ಬಹುಮಟ್ಟಿಗೆ ಕಂಪ್ಯೂಟರ್ ವಹಿಸಿಕೊಂಡಿದೆ. ಆದರೂ ಮೊದಲು ಕೈಯಂತ್ರದಲ್ಲೇ ಕಲಿಯುವುದು ಮೇಲು ಎಂದು ನನ್ನ ಅಭಿಪ್ರಾಯ. ಕಟರ್ ಮೊಂಡಾದಾಗ ಬದಲಾಗುವ ಸದ್ದನ್ನು ಕಿವಿ ಅಲ್ಲಿ ಕಲಿಯುತ್ತದೆ.

ಪೋಷಕರಿಗೆ ಒಂದು ಮಾತು. ತಿರುಗುವ ಕಟರಿನ ಬಳಿ ಕೈಗವಸು ತೊಡುವಂತಿಲ್ಲ. ಹಲ್ಲಿಗೆ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಉಂಗುರ, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೈದಾರ, ಸಡಿಲ ತೋಳಿನ ಅಂಗಿ ಯಾವುದೂ ಕೂಡದು. ಹೆಣ್ಣುಮಕ್ಕಳು ಜಡೆಯನ್ನು ಟೋಪಿಯೊಳಗೆ ಸೇರಿಸಬೇಕು. ಕಣ್ಣಿಗೆ ಕನ್ನಡಕ ಇರಲೇಬೇಕು. ಲೋಹದ ಚೂರುಗಳನ್ನು ಯಂತ್ರ ನಿಲ್ಲಿಸಿದ ಮೇಲೆ, ಬ್ರಷ್ಷಿನಿಂದ ಮಾತ್ರ ಗುಡಿಸಬೇಕು.