ಪೋರ್ಚುಗೀಸ್ ಬರೆಯೋಕೆ ಕನ್ನಡ ವ್ಯಾಕರಣದ ಆಸರೆ

ಕಾಸರಕೋಡಿನಿಂದ ಶರಾವತಿ ಸೇತುವೆ ದಾಟಿದರೆ ಹೊನ್ನಾವರ. ಪೋರ್ಚುಗೀಸರ ಬಾಯಲ್ಲಿ ಅದು ಓನೋರ್ ಆಗಿತ್ತು. ಅವರು ಹೋದರೂ ಚಾವಿ, ಅಲಮಾರು, ಬಟಾಟೆ, ಪಗಾರ, ಪಾದ್ರಿ ಎಂಬ ಪದಗಳು ನಮ್ಮಲ್ಲೇ ಉಳಿದವು. ಹೊನ್ನಾವರದಲ್ಲಿ ರೈಲು ಹತ್ತಿದರೆ ಗೋವಾ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸಿನಲ್ಲೇ ಎಂಎ ಮಾಡಬಹುದು. ಆದರೆ ಮಾತು ಬಂದಷ್ಟು ಬೇಗ ಬರಹ ಬರಲ್ಲ. ಅಂಕ ಸಿಗೋದು, ಅನುವಾದದ ಕೆಲಸ ಸಿಗೋದು ಬರೆದದ್ದಕ್ಕೇ. ಇಲ್ಲಿ ನಿಮ್ಮ ಕನ್ನಡವೇ ನಿಮಗೆ ಆಸರೆ.

'ನಾನು' ಬಿಡಿ: ಇಂಗ್ಲಿಷ್ ಗುಂಗಿನಲ್ಲಿ ಪ್ರತಿ ವಾಕ್ಯಕ್ಕೂ 'ಏವು' (ನಾನು) ಸೇರಿಸ್ತೇವೆ. 'ಮಾತಾಡುತ್ತೇನೆ' ಎಂದರೆ ಯಾರು ಅಂತ ಕೇಳಬೇಕಾ? 'ಫಾಲು' ಎಂದರೂ ಅಷ್ಟೇ. 'ಫಲಾಮುಶ್' ಎಂದರೆ ಮಾತಾಡುತ್ತೇವೆ. ಕ್ರಿಯಾಪದದ ಕೊನೆಯಲ್ಲೇ ಕರ್ತೃ ಇದೆ. ಒತ್ತು ಬೇಕಾದಾಗ ಮಾತ್ರ 'ಏವು' ಬರೆಯಿರಿ.

ಸಂಧಿ ನೆನಪಿಸಿಕೊಳ್ಳಿ: 'ಬೀಚಿಗೆ ಹೋಗುತ್ತೇನೆ' ಅನ್ನೋಕೆ 'ವೋ ಆ ಪ್ರಾಯ'. ಈ 'ಆ' ಒಂದಲ್ಲ, ಎರಡು 'ಅ'. ಒಂದು ನಮ್ಮ 'ಗೆ' ಪ್ರತ್ಯಯದಂಥದ್ದು, ಇನ್ನೊಂದು ಸ್ತ್ರೀಲಿಂಗದ ಆರ್ಟಿಕಲ್. ನಮ್ಮ ಸವರ್ಣದೀರ್ಘ ಸಂಧಿಯ ಹಾಗೇ ಸೇರಿ ಒಂದಾಗಿವೆ. ಬರೆಯುವಾಗ ಆ ಅಕ್ಷರದ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಗೀಟು ಬೇಕು. ಪೋರ್ಚುಗೀಸ್ ಮನೆಮಾತಿನವರೂ ಎಡವುವ ಜಾಗ ಇದು.

ಲಿಂಗದಲ್ಲಿ ಮಾತ್ರ ಹುಷಾರು: ಕನ್ನಡದಲ್ಲಿ ಚಾವಿಯೂ ಅಲಮಾರೂ 'ಅದು'. ಅಲ್ಲಿ ಚಾವಿ ಸ್ತ್ರೀಲಿಂಗ, ಅಲಮಾರು ಪುಲ್ಲಿಂಗ. ಹಾಗಾಗಿ ಹೊಸ ಚಾವಿ 'ಶಾವಿ ನೋವ', ಹೊಸ ಅಲಮಾರು 'ಅರ್ಮಾರಿಯು ನೋವು'. (ಈ ನೋವು ನಮ್ಮ ನೋವಲ್ಲ!) ಪದವನ್ನು ಒಂಟಿಯಾಗಿ ಕಲಿಯಬೇಡಿ. 'ಅ ಶಾವಿ', 'ಉ ಅರ್ಮಾರಿಯು' ಅಂತ ಆರ್ಟಿಕಲ್ ಸಮೇತ ನೋಟ್‌ಬುಕ್ಕಿಗೆ ಇಳಿಸಿ.

ಮೂರು ಸಲ ಓದಿ: ದಿನಕ್ಕೆ ನೂರು ಪದ ಸಾಕು. ಓದಿದ ಸುದ್ದಿಯೊಂದರ ಸಾರಾಂಶ ಬರೆಯಿರಿ. ಇಂಗ್ಲಿಷಿನಲ್ಲಿ ಯೋಚಿಸಿ ಅನುವಾದ ಮಾಡಬೇಡಿ. ಬರುವ ಸಣ್ಣ ವಾಕ್ಯಗಳಲ್ಲೇ ಬರೆಯಿರಿ. ಮರುದಿನ ಮೂರು ಸಲ ಓದಿ: ಮೊದಲು ಲಿಂಗ-ವಚನ, ಆಮೇಲೆ ಕ್ರಿಯಾಪದ, ಕೊನೆಗೆ ಗೀಟುಗಳು. ಎಲ್ಲ ತಪ್ಪನ್ನೂ ಒಟ್ಟಿಗೆ ಹುಡುಕಿದರೆ ಅರ್ಧ ಕಣ್ತಪ್ಪಿ ಹೋಗುತ್ತೆ.

ಒಂದೇ ಕಾಗುಣಿತ: 1990ರ ಒಪ್ಪಂದದ ನಂತರವೂ ಪೋರ್ಚುಗಲ್, ಬ್ರೆಜಿಲ್ ಕಾಗುಣಿತದಲ್ಲಿ ವ್ಯತ್ಯಾಸಗಳಿವೆ. 'ಸತ್ಯಾಂಶ' ಅಲ್ಲಿ 'ಫಾಕ್ಟು', ಇಲ್ಲಿ 'ಫಾಟು'. ಯಾವುದಾದರೂ ಸರಿ, ಒಂದೇ ಪ್ರಬಂಧದಲ್ಲಿ ಎರಡನ್ನೂ ಬೆರೆಸಬೇಡಿ. ಅನುಮಾನ ಬಂದರೆ ಪ್ರಿಬೆರಾಂ ನಿಘಂಟು ಫೋನಿನಲ್ಲೇ ಉಚಿತವಾಗಿ ಸಿಗುತ್ತೆ. ವ್ಯಾಕರಣದ ಪ್ರಶ್ನೆಗಳಿಗೆ 1997ರಿಂದ ಉತ್ತರ ಕೊಡುತ್ತಿರುವ ಸಿಬರ್‌ದೂವಿದಾಶ್ ಕೂಡ ಇದೆ.

ಪ್ರೌಢಶಾಲೆಯಲ್ಲಿ ಗೋಳು ಅಂದುಕೊಂಡಿದ್ದ ಸಂಧಿ, ಪ್ರತ್ಯಯಗಳ ಪುಟ ಇನ್ನೊಮ್ಮೆ ತೆರೆಯಿರಿ. ಗೋವಾದ ಕ್ಲಾಸಿನಲ್ಲಿ ಅದು ಉಪಯೋಗಕ್ಕೆ ಬರುತ್ತೆ.