ಮಾಜಿ ಸೈನಿಕರ ಪದಕ ದಾಖಲೆಯ ತಿದ್ದುಪಡಿ
ಸೇವಾವಧಿಯಲ್ಲಿ ಗಳಿಸಿಯೂ ಸೇವಾ ದಾಖಲೆಯಲ್ಲಿ ಬಿಟ್ಟುಹೋದ ಪದಕಗಳನ್ನು ಅಧಿಕೃತವಾಗಿ ಸೇರಿಸುವುದೇ ಪದಕ ದಾಖಲೆಯ ತಿದ್ದುಪಡಿ. ಭಾರತೀಯ ಭೂಸೇನೆಯಲ್ಲಿ ಜವಾನರ ದಾಖಲೆಗಳು ತವರು ಜಿಲ್ಲೆಯಲ್ಲಿರುವುದಿಲ್ಲ. ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿರುತ್ತವೆ. ಆದ್ದರಿಂದ ಬಾದಾಮಿ ಬಳಿಯ ಮಹಾಕೂಟದವರೇ ಆದರೂ, ಮರಾಠಾ ಲಘು ಪದಾತಿದಳದಲ್ಲಿದ್ದವರು ಬೆಳಗಾವಿಗೂ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿದ್ದವರು ಬೆಂಗಳೂರಿಗೂ ಅರ್ಜಿ ಕಳುಹಿಸಬೇಕಾಗುತ್ತದೆ.

ಯುದ್ಧಸೇವಾ ಪದಕಗಳಿಗೆ ಶೌರ್ಯ ಪ್ರಶಸ್ತಿಗಳಂತೆ ಶಿಫಾರಸು ಬೇಕಿಲ್ಲ. ಗೊತ್ತುಪಡಿಸಿದ ಕಾಲದಲ್ಲಿ, ಗೊತ್ತುಪಡಿಸಿದ ವಲಯದಲ್ಲಿ ಸಲ್ಲಿಸಿದ ಸೇವೆಯೇ ಅರ್ಹತೆ. 1971ರ ಯುದ್ಧದ ಪೂರ್ವಿ ಸ್ಟಾರ್ ಪೂರ್ವ ರಣರಂಗಕ್ಕೆ, ಪಶ್ಚಿಮಿ ಸ್ಟಾರ್ ಪಶ್ಚಿಮ ರಣರಂಗಕ್ಕೆ ಸೇರಿದವು. ಹಾಗಾಗಿ ಆಗ ಸೈನಿಕನ ಘಟಕ ಎಲ್ಲಿತ್ತೆಂಬುದೇ ನಿರ್ಣಾಯಕ. ಡಿಸ್ಚಾರ್ಜ್ ಬುಕ್ಕಿನ ನಮೂದುಗಳು ಇದಕ್ಕೆ ನೆರವಾಗುತ್ತವೆ. ಪದಕ ಕೈಯಲ್ಲಿದ್ದ ಮಾತ್ರಕ್ಕೆ ಅರ್ಹತೆ ಸಿದ್ಧವಾಗದು, ಏಕೆಂದರೆ ಅದರ ಪ್ರತಿಕೃತಿಗಳು ಅಂಗಡಿಗಳಲ್ಲಿಯೂ ದೊರೆಯುತ್ತವೆ. ಸೈನಿಕನು ತೀರಿಕೊಂಡಿದ್ದಲ್ಲಿ ಪತ್ನಿ ಅಥವಾ ವಾರಸುದಾರರು ಅರ್ಜಿ ಸಲ್ಲಿಸಬಹುದು.