ಸೋಸುಹಾಳೆಯ ಮೇಲಣ ಧೂಳು

1986ರ ಏಪ್ರಿಲ್ 28ರ ಪ್ರಾತಃಕಾಲ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣುವಿದ್ಯುತ್ ಸ್ಥಾವರದಲ್ಲಿ ನೌಕರನೊಬ್ಬನು ವಿಕಿರಣಮಾಪಕದ ಮುಂದೆ ಹಾದಾಗ ಎಚ್ಚರಿಕೆಯ ಗಂಟೆ ಮೊಳಗಿತು. ದೋಷವು ತಮ್ಮ ಸ್ಥಾವರದ್ದೇ ಇರಬೇಕೆಂದು ಶಂಕಿಸಿ ಹುಡುಕಿದವರಿಗೆ ಕಡೆಗೆ ತಿಳಿದುಬಂದುದು, ವಿಕಿರಣಶೀಲ ಧೂಳು ಅವನ ಪಾದರಕ್ಷೆಗೆ ಅಂಟಿದುದು ಹೊರಗಣ ನೆಲದಿಂದ, ನೆಲಕ್ಕೆ ಇಳಿದುದು ಮಳೆಯೊಡನೆ, ಮಳೆಮೋಡಕ್ಕೆ ಬಂದು ಸೇರಿದುದು ಸಾವಿರ ಕಿಲೋಮೀಟರಿಗೂ ಮಿಕ್ಕ ದೂರದ, ಅಪಘಾತಕ್ಕೀಡಾದ ಸೋವಿಯತ್ ಅಣುಸ್ಥಾವರ ಚೆರ್ನೋಬಿಲ್‌ನಿಂದ ಎಂಬುದು. ಸೋವಿಯತ್ ಸರ್ಕಾರ ತುಟಿ ಬಿಚ್ಚಿದುದು ಆ ರಾತ್ರಿ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅಪಘಾತವಾದೊಡನೆ ನೆರೆಹೊರೆಗೆ ತಿಳಿಸಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ ಸಿದ್ಧವಾಯಿತು. ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವುದು ಆ ದಶಕದಲ್ಲೇ ಸ್ವೀಡನ್, ನಾರ್ವೆ, ಫಿನ್ಲೆಂಡ್, ಡೆನ್ಮಾರ್ಕ್, ಜರ್ಮನಿಗಳ ಪ್ರಯೋಗಶಾಲೆಗಳ ನಡುವೆ ಬೆಳೆದ ‘ಪಂಚವಲಯ’ವೆಂಬ ಸ್ನೇಹಕೂಟ. ಮಂತ್ರಿಗಳ ಮುದ್ರೆಯಿಲ್ಲದೆ, ಅಳೆಯುವವರು ಅಳೆಯುವವರೊಡನೆ ನೇರವಾಗಿ ಅಂಕಿಗಳನ್ನು ಹಂಚಿಕೊಂಡ ಆ ಕೂಟಕ್ಕೆ ಕ್ರಮೇಣ ಯೂರೋಪಿನ ಇತರ ದೇಶಗಳೂ ಸೇರಿದುವು.

ಅವರ ಕೆಲಸವಾದರೋ ಬಹು ತಾಳ್ಮೆಯದು. ಯಂತ್ರವೊಂದು ಹಗಲಿರುಳೆನ್ನದೆ ಗಾಳಿಯನ್ನು ಎಳೆದು ಗಾಜಿನ ನಾರಿನ ಹಾಳೆಯ ಮೂಲಕ ಹಾಯಿಸುತ್ತದೆ. ದಿನಗಳು ಕಳೆದ ಮೇಲೆ, ಬೂದುಬಣ್ಣಕ್ಕೆ ತಿರುಗಿದ ಆ ಹಾಳೆಯನ್ನು ಒತ್ತಿ ಬಿಲ್ಲೆಯಾಗಿಸಿ, ದ್ರವಸಾರಜನಕದಿಂದ ತಣಿಸಿದ ಜರ್ಮೇನಿಯಮ್ ಸ್ಫಟಿಕದ ಬಳಿಯಿಟ್ಟರೆ, ಒಂದೊಂದು ವಿಕಿರಣಶೀಲ ಧಾತುವೂ ತನ್ನದೇ ಶಕ್ತಿಯ ಕಿರಣದಿಂದ ತನ್ನ ಗುರುತನ್ನು ಹೇಳುತ್ತದೆ. ಆದರೆ ಒಬ್ಬನ ತಕ್ಕಡಿಯನ್ನು ಇನ್ನೊಬ್ಬನು ನಂಬುವುದೆಂತು? ಅದಕ್ಕಾಗಿಯೇ ಒಂದೇ ಮಣ್ಣನ್ನು, ಒಂದೇ ನೀರನ್ನು ಹಲವು ಪ್ರಯೋಗಶಾಲೆಗಳಿಗೆ ಕಳುಹಿಸಿ ಉತ್ತರಗಳನ್ನು ಹೋಲಿಸುವ ಪದ್ಧತಿ ಬೆಳೆಯಿತು. 1995ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು ಕಟ್ಟಿದ ‘ಅಲ್ಮೆರಾ’ ಜಾಲಕ್ಕೂ ಇದೇ ಬೆನ್ನೆಲುಬು. ತನ್ನ ತಪ್ಪು ಪರರಿಗೆ ಕಾಣಲೆಂದು ಒಪ್ಪಿಕೊಳ್ಳುವುದು ಸಾಮಾನ್ಯ ಧೈರ್ಯವಲ್ಲ.

ಆ ನಂಬಿಕೆ ಫಲಿಸಿದುದು 2017ರ ಶರತ್ಕಾಲದಲ್ಲಿ. ಯೂರೋಪಿನ ಅನೇಕ ದೇಶಗಳ ಸೋಸುಹಾಳೆಗಳಲ್ಲಿ ರುಥೇನಿಯಮ್-106 ಎಂಬ ವಿಕಿರಣಶೀಲ ಧಾತು ಕಾಣಿಸಿಕೊಂಡಿತು. ಜನರ ಆರೋಗ್ಯಕ್ಕೆ ಬಾಧಕವಲ್ಲದಷ್ಟು ಅಲ್ಪ, ಆದರೂ ಎಲ್ಲಿಯದೆಂದು ಯಾರೂ ಹೇಳಲೊಲ್ಲರು. ರಿಯಾಕ್ಟರು ಒಡೆದಿದ್ದರೆ ಸೀಸಿಯಮ್ ಮೊದಲಾದುವೂ ಜತೆಗಿರಬೇಕಿತ್ತು. ರುಥೇನಿಯಮ್ ಬಹುಮಟ್ಟಿಗೆ ಒಂಟಿಯಾಗಿ ಬಂದುದರಿಂದ, ಬಳಸಿದ ಇಂಧನವನ್ನು ಸಂಸ್ಕರಿಸುವ ತಾಣದತ್ತ ಬೆರಳು ತಿರುಗಿತು. 1,300ಕ್ಕೂ ಹೆಚ್ಚು ಅಳತೆಗಳನ್ನು ಒಟ್ಟುಗೂಡಿಸಿ, ಗಾಳಿಯ ಹಾದಿಯನ್ನು ಹಿಂದುಹಿಂದಕ್ಕೆ ಅರಸಿದ ವಿಜ್ಞಾನಿಗಳು 2019ರಲ್ಲಿ ರಷ್ಯದ ದಕ್ಷಿಣ ಯೂರಲ್ ಸೀಮೆಯನ್ನು ತೋರಿದರು. ರಷ್ಯ ಒಪ್ಪಲಿಲ್ಲ. ಮರುವರ್ಷ, ವಿಯೆನ್ನಾದ ಗಾಳಿಯಲ್ಲಿ ಹಿಡಿದ ಸೋಸುಹಾಳೆಯನ್ನು ಜರ್ಮನಿಯ ವಿದ್ವಾಂಸರು ಪುನಃ ಪರೀಕ್ಷಿಸಿ, ಅದರೊಳಗಿನ ರುಥೇನಿಯಮ್ ಸಮಸ್ಥಾನಿಗಳ ಪ್ರಮಾಣವು ವಿದ್ಯುತ್ ಸ್ಥಾವರದಲ್ಲಿ ಉರಿದ ಇಂಧನಕ್ಕೆ ಹೊಂದುತ್ತದೆಂದು ಪ್ರಕಟಿಸಿದರು.